ಗೋಡೆ ಪಕ್ಕದಲ್ಲೇ ಇದ್ದಾಗ ಲಿಮಿಟ್ ಹುಡುಕುವುದು ಹೇಗೆ?

2025ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಮೊನಾಕೊದ ಬೀದಿಗಳಲ್ಲಿ ಫಾರ್ಮುಲಾ 2 (ಫಾರ್ಮುಲಾ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನದು) ಸ್ಪ್ರಿಂಟ್ ರೇಸ್, ಅಂದರೆ ಚಿಕ್ಕ ರೇಸ್, ಗೆದ್ದರು. ಅಲ್ಲಿ ಆ ರೇಸ್ ಗೆದ್ದ ಮೊದಲ ಭಾರತೀಯ ಅವರೇ. ಕಾರಿನ ಮೇಲಿನ ಕ್ಯಾಮೆರಾದ ವಿಡಿಯೊ ನೋಡಿದವರೆಲ್ಲ ಕೇಳುವುದು ಒಂದೇ ಮಾತು: ಅಷ್ಟು ಹತ್ತಿರ ಕಬ್ಬಿಣದ ತಡೆಗೋಡೆ ಇದೆ, ಇವರಿಗೆ ಭಯ ಆಗಲ್ವಾ?

ಭಯ ಆಗುತ್ತದೋ ಇಲ್ಲವೋ ಬೇರೆ ವಿಷಯ. ನನಗೆ ಅದಕ್ಕಿಂತ ಕುತೂಹಲದ ಪ್ರಶ್ನೆ ಇನ್ನೊಂದಿದೆ. ಈ ತಿರುವಿನಲ್ಲಿ ಗಂಟೆಗೆ 120 ಕಿ.ಮೀ. ಹೋದರೆ ಟೈರ್ ಹಿಡಿಯುತ್ತದೆ, 124 ಹೋದರೆ ಹಿಡಿಯುವುದಿಲ್ಲ ಅನ್ನುವುದು ಡ್ರೈವರ್‌ಗೆ ಗೊತ್ತಾಗುವುದಾದರೂ ಹೇಗೆ? 124 ಹೋಗಿ ನೋಡುವ ಹಾಗಿಲ್ಲ. ನೋಡಿದರೆ ಕಾರು ಗೋಡೆಯಲ್ಲಿರುತ್ತದೆ.

ಬೇರೆ ಟ್ರ್ಯಾಕ್‌ಗಳಲ್ಲಿ ಈ ತೊಂದರೆ ಇಲ್ಲ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ ತಗೊಳ್ಳಿ, 5.125 ಕಿ.ಮೀ. ಉದ್ದದ್ದು. ಅಥವಾ ಫ್ರಾನ್ಸಿನ ಪಾಲ್ ರಿಕಾರ್ಡ್, ತಿರುವಿನ ಹೊರಗೆಲ್ಲ ನೀಲಿ ಕೆಂಪು ಪಟ್ಟೆ ಬಳಿದ ಡಾಂಬರು ಬಯಲಿರುವ ಜಾಗ. ಇಂಥ ಕಡೆ ಡ್ರೈವರ್ ತಿರುವಿಗೆ ಇನ್ನು 100 ಮೀಟರ್ ಅಂತ ತೋರಿಸುವ ಬೋರ್ಡ್ ಹತ್ತಿರ ಬ್ರೇಕ್ ಹಾಕಿ ನೋಡುತ್ತಾನೆ, ಸರಿ ಹೋಯಿತು. 90ಕ್ಕೆ ಹಾಕುತ್ತಾನೆ, ಅದೂ ಸರಿ. 80ಕ್ಕೆ ಹಾಕಿದಾಗ ಕಾರು ನಿಲ್ಲದೆ ಟ್ರ್ಯಾಕಿನಿಂದ ಆಚೆ ಹೋಗುತ್ತದೆ, ಸುತ್ತಿಕೊಂಡು ವಾಪಸ್ ಬರುತ್ತಾನೆ. ಹೋಗಿದ್ದು ಒಂದು ಲ್ಯಾಪ್, ಅಂದರೆ ಟ್ರ್ಯಾಕಿನ ಒಂದು ಸುತ್ತು, ಅಷ್ಟೇ. ಲಿಮಿಟ್ 80ಕ್ಕೂ 90ಕ್ಕೂ ನಡುವೆ ಇದೆ ಅಂತ ಖಚಿತವಾಯಿತು. ದಾಟಿ ನೋಡಿ ಹಿಂದೆ ಬಂದು, ಎರಡೂ ಕಡೆಯಿಂದ ಅಳತೆ ತೆಗೆದ ಹಾಗಾಯಿತು.

ಮೊನಾಕೊ, ಮಕಾವ್, ಬಾಕುವಿನ ಕೋಟೆ ಪಕ್ಕದ ಓಣಿ, ಜರ್ಮನಿಯ ಕಾಡಿನೊಳಗಿನ ನೂರ್‌ಬರ್ಗ್‌ರಿಂಗ್, ಇಲ್ಲೆಲ್ಲ ಆ ಆಚೆಯ ಕಡೆ ಇಲ್ಲ. ಕೆಳಗಿನಿಂದ ಮೇಲಕ್ಕೆ, ಒಂದೇ ದಿಕ್ಕಿನಿಂದ ಹೋಗಬೇಕು. ಹಾಗಾಗಿ ಲಿಮಿಟ್ ದಾಟುವ ಮುಂಚೆಯೇ "ಇನ್ನು ಸ್ವಲ್ಪವೇ ಉಳಿದಿದೆ" ಅಂತ ತಿಳಿಯುವ ವಿದ್ಯೆ ಬೇಕಾಗುತ್ತದೆ. ಇಂಥ ಸರ್ಕ್ಯೂಟಿನ ಕಲಿಕೆಯೆಲ್ಲ ನಿಂತಿರುವುದು ಅದರ ಮೇಲೆ.

ಆ ಸುಳಿವು ಎಲ್ಲಿಂದ ಬರುತ್ತದೆ ಅಂತ ಅರ್ಥವಾಗಬೇಕಾದರೆ ಟೈರಿನ ವಿಷಯ ಸ್ವಲ್ಪ ತಿಳಿಯಬೇಕು. ಇದೊಂದು ಗೊತ್ತಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಲಿಮಿಟ್ ಅಂದರೆ ಒಂದು ಗೆರೆ, ಈಚೆ ಇದ್ದರೆ ಹಿಡಿತ, ಆಚೆ ಹೋದರೆ ಜಾರಿಕೆ ಅಂತ ನಾವು ಅಂದುಕೊಂಡಿರುತ್ತೇವೆ. ಟೈರ್ ಹಾಗೆ ಕೆಲಸ ಮಾಡುವುದಿಲ್ಲ. ತಿರುವಿನಲ್ಲಿ ಚಕ್ರ ಯಾವ ಕಡೆ ಮುಖ ಮಾಡಿದೆಯೋ ಕಾರು ಸರಿಯಾಗಿ ಅದೇ ಕಡೆ ಹೋಗುವುದಿಲ್ಲ. ರಬ್ಬರ್ ಸ್ವಲ್ಪ ತಿರುಚಿಕೊಂಡು, ಚಕ್ರದ ಮುಖ ಒಂದು ದಿಕ್ಕಾದರೆ ಅದು ಸಾಗುವ ದಾರಿ ಇನ್ನೊಂದು ದಿಕ್ಕಾಗಿ, ಎರಡರ ನಡುವೆ ಒಂದು ಸಣ್ಣ ಕೋನ ಉಳಿಯುತ್ತದೆ. ಇದಕ್ಕೆ ಸ್ಲಿಪ್ ಆಂಗಲ್ ಅನ್ನುತ್ತಾರೆ. ನಿಮ್ಮ ಮನೆಯ ಕಾರಿನಲ್ಲೂ ಇದು ಆಗುತ್ತಲೇ ಇರುತ್ತದೆ, ತೀರಾ ಚಿಕ್ಕದಾದ್ದರಿಂದ ಗೊತ್ತಾಗುವುದಿಲ್ಲ. ಈ ಕೋನ ಇಲ್ಲದಿದ್ದರೆ ಟೈರಿಗೆ ಪಕ್ಕದ ಹಿಡಿತವೇ ಹುಟ್ಟುವುದಿಲ್ಲ.

ಕೋನ ಜಾಸ್ತಿಯಾದ ಹಾಗೆ ಹಿಡಿತವೂ ಏರುತ್ತದೆ. ಮೊದಲು ಸರಸರನೆ, ಆಮೇಲೆ ನಿಧಾನವಾಗಿ. ಒಂದು ಹಂತ ಬಂದ ಮೇಲೆ ಕೋನ ಎಷ್ಟು ಹೆಚ್ಚಿಸಿದರೂ ಹಿಡಿತ ಹೆಚ್ಚುವುದಿಲ್ಲ, ಸಮತಟ್ಟಾಗಿಬಿಡುತ್ತದೆ. ಅದನ್ನೂ ದಾಟಿದರೆ ಇಳಿಯುತ್ತದೆ. ರೇಸ್ ಟೈರಿನಲ್ಲಿ ಇದೆಲ್ಲ ಕೆಲವೇ ಡಿಗ್ರಿಗಳೊಳಗೆ ನಡೆದುಹೋಗುತ್ತದೆ. ಒಳ್ಳೆ ಡ್ರೈವರ್ ಇರುವುದು ಆ ಸಮತಟ್ಟಾದ ಜಾಗದಲ್ಲಿ. ಅದು ಅಗಲವಿಲ್ಲದ ಗೆರೆಯಾಗಿದ್ದರೆ ಯಾರಿಂದಲೂ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಚಿಕ್ಕದಾದರೂ ಅದಕ್ಕೊಂದು ಅಗಲ ಇದೆ.

ಆ ಜಾಗ ಹತ್ತಿರವಾಗುತ್ತಿದೆ ಅನ್ನುವುದನ್ನು ಟೈರ್ ಮೊದಲೇ ಹೇಳುತ್ತದೆ, ಅದೂ ಕೈಗೆ. ತಿರುವಿನಲ್ಲಿ ಮುಂದಿನ ಚಕ್ರ ತಾನಾಗಿ ನೇರವಾಗಲು ನೋಡುತ್ತಿರುತ್ತದೆ, ಆ ಎಳೆತ ಸ್ಟೀರಿಂಗ್‌ನಲ್ಲಿ ಭಾರವಾಗಿ ಸಿಗುತ್ತದೆ. ಟೈರಿನ ಹಿಡಿತ ತುತ್ತತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಈ ಎಳೆತ ಕಮ್ಮಿಯಾಗಲು ಶುರುವಾಗುತ್ತದೆ. ಹಿಡಿತ ಇನ್ನೂ ಏರುತ್ತಿದೆ, ಆದರೆ ಸ್ಟೀರಿಂಗ್ ಆಗಲೇ ಹಗುರಾಗಿದೆ. ಅನುಭವ ಇಲ್ಲದವರ ಕೈಗೆ ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗುವವರಿಗೆ ಅದು ಗೋಡೆ ಮುಟ್ಟುವ ಮುಂಚಿನ ಎಚ್ಚರಿಕೆ. ಮುಂದಿನ ಟೈರ್‌ಗಳ ಸುದ್ದಿ ಹೀಗೆ ಕೈಗೆ ಬಂದರೆ ಹಿಂದಿನ ಟೈರ್‌ಗಳ ಸುದ್ದಿ ಸೊಂಟಕ್ಕೆ ಬರುತ್ತದೆ. ಕಾರಿನ ಹಿಂಭಾಗ ಸ್ವಲ್ಪವೇ ಹೊರಗೆ ಸರಿದರೂ ಸೀಟಿಗೆ ಬಿಗಿದು ಕಟ್ಟಿದ ಮೈಗೆ ಅದು ಕಣ್ಣಿಗಿಂತ ಮೊದಲು ತಿಳಿಯುತ್ತದೆ. ಸೀಟನ್ನು ಡ್ರೈವರ್‌ನ ಮೈ ಅಳತೆಗೆ ಎರಕ ಹೊಯ್ದು ಮಾಡುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ವಿಷಯ, ಟೈರಿನ ಹಿಡಿತ ಒಂದೇ. ಅದನ್ನೇ ಬ್ರೇಕಿಗೂ ತಿರುವಿಗೂ ಹಂಚಬೇಕು. ಬಿಎಂಟಿಸಿ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಅಭ್ಯಾಸ ಇದ್ದವರಿಗೆ ಇದು ಗೊತ್ತು: ಬರೀ ಬ್ರೇಕ್ ಹಾಕಿದರೆ ಹೇಗೋ ಸಂಭಾಳಿಸಿಕೊಳ್ಳುತ್ತೀರಿ, ಬರೀ ತಿರುಗಿದರೂ ಕಾಲೂರಿ ನಿಲ್ಲುತ್ತೀರಿ, ಎರಡೂ ಒಟ್ಟಿಗೆ ಆದರೆ ಪಕ್ಕದವರ ಮೇಲೆ ಬೀಳುತ್ತೀರಿ. ಟೈರಿಗೂ ಹಾಗೆಯೇ. ಪೂರ್ತಿ ಹಿಡಿತವನ್ನು ಬ್ರೇಕಿಗೇ ಕೊಟ್ಟಿದ್ದರೆ ತಿರುಗಲು ಏನೂ ಉಳಿದಿರುವುದಿಲ್ಲ. ಅದಕ್ಕೇ ಡ್ರೈವರ್‌ಗಳು ತಿರುವಿನೊಳಗೆ ಹೋಗುತ್ತಾ ಹೋಗುತ್ತಾ ಬ್ರೇಕನ್ನು ನಿಧಾನವಾಗಿ ಬಿಡುತ್ತಾರೆ, ಬಿಟ್ಟಷ್ಟನ್ನು ಸ್ಟೀರಿಂಗಿಗೆ ಕೊಡುತ್ತಾರೆ. ಇದು ಟ್ರೇಲ್ ಬ್ರೇಕಿಂಗ್. ಬ್ರೇಕ್ ಜೋರಾಗಿ ಒತ್ತುವುದನ್ನು ಬೇಗ ಕಲಿಯಬಹುದು. ಬಿಡುವುದನ್ನು ಕಲಿಯಲು ವರ್ಷಗಳು ಬೇಕು ಅಂತ ಕೋಚ್‌ಗಳು ಹೇಳುವುದರಲ್ಲಿ ಅರ್ಥ ಇದೆ.

ಈಗ ಒಂದು ಲೆಕ್ಕ. ಗೋಡೆ ಇರುವ ಕಡೆ "ಸ್ವಲ್ಪ ಲೇಟಾಗಿ ಬ್ರೇಕ್ ಹಾಕಿ ನೋಡೋಣ" ಅನ್ನುವುದು ಎಷ್ಟು ದುಬಾರಿ ಅಂತ ಈ ಲೆಕ್ಕ ತೋರಿಸುತ್ತದೆ.

ಒಂದು ತಿರುವಿಗೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಳಗೆ ಹೋಗಬೇಕು ಅಂತಿಟ್ಟುಕೊಳ್ಳಿ. ಕಾರು ಗುರುತ್ವದ ಎರಡರಷ್ಟು ಜೋರಾಗಿ ಬ್ರೇಕ್ ಹಿಡಿಯುತ್ತದೆ, ಅಂದರೆ 2 ಜಿ. ಡ್ರೈವರ್ 5 ಮೀಟರ್ ತಡವಾಗಿ ಬ್ರೇಕ್ ಹಾಕಿದ, ಆದರೆ ತಿರುಗಿಸಿದ್ದು ಮಾಮೂಲಿ ಜಾಗದಲ್ಲೇ. 5 ಮೀಟರ್ ಅಂದರೆ ಆ ಕಾರಿನದೇ ಉದ್ದ, ಹೆಚ್ಚೇನಿಲ್ಲ ಅನ್ನಿಸುತ್ತದೆ. ಆದರೆ ತಿರುಗಿಸುವ ಜಾಗಕ್ಕೆ ಬಂದಾಗ ಅವನ ವೇಗ 80 ಇರುವುದಿಲ್ಲ, 94ರಿಂದ 95 ಇರುತ್ತದೆ. ತಿರುವಿಗೆ ಬೇಕಾದ ಹಿಡಿತ ವೇಗದ ವರ್ಗದ ಹಾಗೆ ಏರುವುದರಿಂದ ಸುಮಾರು ಶೇ. 40ರಷ್ಟು ಹೆಚ್ಚು ಹಿಡಿತ ಬೇಕಾಗುತ್ತದೆ. ಅಷ್ಟು ಯಾವ ಟೈರಿನಲ್ಲೂ ಬಾಕಿ ಇರುವುದಿಲ್ಲ. ಎಲ್ಲ ಸರಿಯಾಗಿ ನಡೆದಿದ್ದರೂ ಆ 5 ಮೀಟರಿನಿಂದ ಅವನಿಗೆ ಸಿಗುತ್ತಿದ್ದದ್ದು ಸೆಕೆಂಡಿನ ಹತ್ತನೇ ಒಂದೆರಡು ಭಾಗ, ಅಷ್ಟೇ.

ಹಾಗಾಗಿ ಇಂಥ ಟ್ರ್ಯಾಕ್‌ಗಳಲ್ಲಿ ಬ್ರೇಕ್ ಹಾಕುವ ಜಾಗವನ್ನು 5, 10 ಮೀಟರ್ ಲೆಕ್ಕದಲ್ಲಿ ಮುಂದೆ ತಳ್ಳುವುದಿಲ್ಲ. ಒಂದು ಮೀಟರ್, ಎರಡು ಮೀಟರ್. ಅದೂ ಕೊನೆಯಲ್ಲಿ. ಮೊದಲು ಸರಿ ಮಾಡಿಕೊಳ್ಳುವುದು ತಿರುವಿನಿಂದ ಹೊರಗೆ ಬರುವುದನ್ನು. ಆಕ್ಸಿಲರೇಟರ್ ಎಷ್ಟು ಬೇಗ, ಎಷ್ಟು ಮೆತ್ತಗೆ ಒತ್ತಬಹುದು, ಹೊರಗಿನ ಗೋಡೆಗೆ ಎಷ್ಟು ಹತ್ತಿರ ಬಿಡಬಹುದು ಅನ್ನುವುದು. ಕಾರಣ ಎರಡು. ಹೊರಬರುವಾಗ ಗಂಟೆಗೆ 3 ಕಿ.ಮೀ. ಜಾಸ್ತಿ ಸಿಕ್ಕರೆ ಅದರ ಲಾಭ ಮುಂದಿನ ನೇರ ರಸ್ತೆಯುದ್ದಕ್ಕೂ ಸಿಗುತ್ತದೆ. ಮತ್ತೆ, ಹೊರಬರುವಾಗ ತಪ್ಪಾಗುತ್ತಿದೆ ಅನ್ನಿಸಿದರೆ ಕಾಲು ಎತ್ತಿ ಸರಿ ಮಾಡಿಕೊಳ್ಳಲು ಸ್ವಲ್ಪವಾದರೂ ಅವಕಾಶ ಇರುತ್ತದೆ. ಒಳಗೆ ಹೋಗುವಾಗ ಲೇಟಾಗಿ ಬ್ರೇಕ್ ಹಾಕಿದವನಿಗೆ ಆ ಅವಕಾಶ ಇಲ್ಲ, ಏಕೆಂದರೆ ಬ್ರೇಕ್ ಆಗಲೇ ಪೂರ್ತಿ ಒತ್ತಿಯಾಗಿದೆ.

"ಸರಿ, ನಿಧಾನಕ್ಕೆ ಶುರು ಮಾಡಿ ಮೆಲ್ಲಮೆಲ್ಲಗೆ ವೇಗ ಹೆಚ್ಚಿಸುತ್ತಾ ಹೋದರಾಯಿತು, ಇದರಲ್ಲೇನು ಕಷ್ಟ?" ಅಂತ ಕೇಳಬಹುದು. ಇಲ್ಲೇ ಇರುವುದು ನಿಜವಾದ ತೊಡಕು, ಮತ್ತು ಹೆಚ್ಚಿನವರು ಇದನ್ನು ಗಮನಿಸುವುದಿಲ್ಲ. ನಿಧಾನಕ್ಕೆ ಹೋಗಿ ತಿಳಿದುಕೊಂಡ ಲಿಮಿಟ್ ಎಷ್ಟೋ ಸಲ ನಿಜವಾದ ಲಿಮಿಟ್ ಆಗಿರುವುದೇ ಇಲ್ಲ.

ಫಾರ್ಮುಲಾ ಕಾರುಗಳನ್ನು ನೆಲಕ್ಕೆ ಒತ್ತಿ ಹಿಡಿಯುವುದು ಗಾಳಿ. ರೆಕ್ಕೆ ಮತ್ತು ಕಾರಿನ ತಳದಿಂದ ಬರುವ ಈ ಒತ್ತಡ, ಅಂದರೆ ಡೌನ್‌ಫೋರ್ಸ್, ವೇಗ ಎರಡರಷ್ಟಾದರೆ ನಾಲ್ಕರಷ್ಟಾಗುತ್ತದೆ. ಗಂಟೆಗೆ 100 ಕಿ.ಮೀ.ನಲ್ಲಿ ಸಿಗುವ ಒತ್ತಡಕ್ಕೆ 200ರಲ್ಲಿ ಸಿಗುವುದನ್ನು ಹೋಲಿಸುವ ಹಾಗೇ ಇಲ್ಲ. ಹಾಗಾಗಿ ಒಂದು ವೇಗದ ತಿರುವಿನಲ್ಲಿ ಅಂಜಿಕೊಂಡು ಕಾಲು ಎತ್ತಿದರೆ ಡೌನ್‌ಫೋರ್ಸ್ ಕಮ್ಮಿಯಾಗುತ್ತದೆ, ಕಾರು ಜಾರುತ್ತದೆ, ಡ್ರೈವರ್‌ಗೆ "ಇಲ್ಲಿ ಇಷ್ಟೇ ಆಗುವುದು" ಅನ್ನಿಸುತ್ತದೆ. ನಿಜಕ್ಕೂ ಕಾಲು ಎತ್ತದೆ ಹೋಗಿದ್ದರೆ ಅದು ಅಂಟಿಕೊಂಡೇ ಹೋಗುತ್ತಿತ್ತು. ಟೈರಿನ ಬಿಸಿಯದೂ ಇದೇ ಕಥೆ. ಸ್ಲಿಕ್ ಟೈರ್‌ಗಳು, ಅಂದರೆ ಗೀರುಗಳಿಲ್ಲದ ನುಣುಪಾದ ರೇಸ್ ಟೈರ್‌ಗಳು, ಚೆನ್ನಾಗಿ ಹಿಡಿಯುವುದು 100 ಡಿಗ್ರಿ ಆಸುಪಾಸಿನಲ್ಲಿ. ನಿಧಾನಕ್ಕೆ ಹೋದರೆ ಆರುತ್ತವೆ. ಆರಿದರೆ ಹಿಡಿತ ಹೋಗುತ್ತದೆ, ಹಿಡಿತ ಇಲ್ಲ ಅಂತ ಇನ್ನೂ ನಿಧಾನ ಮಾಡುತ್ತಾನೆ, ಇನ್ನೂ ಆರುತ್ತವೆ. ಎಚ್ಚರಿಕೆಯಿಂದ ಓಡಿಸುತ್ತಿರುವ ಹೊಸಬ ಹೀಗೆ ಅಪಾಯದ ಒಳಗೇ ಸಿಕ್ಕಿಕೊಂಡಿರುತ್ತಾನೆ.

ಹಾಗಾದರೆ ಏನು ಮಾಡುವುದು? ಎರಡು ಅಪರಿಚಿತಗಳನ್ನು ಒಟ್ಟಿಗೆ ಕಲಿಯಲು ಹೋಗಬಾರದು. ನನ್ನ ಪ್ರಕಾರ ಇಡೀ ವಿಷಯದ ಗುಟ್ಟು ಇಷ್ಟೇ. ಕಾರು ಗೊತ್ತಿಲ್ಲ, ಟ್ರ್ಯಾಕೂ ಗೊತ್ತಿಲ್ಲ ಅಂದರೆ ಕಾರು ಜಾರಿದಾಗ ತಪ್ಪು ಯಾವುದರದ್ದು ಅಂತ ತಿಳಿಯುವುದಿಲ್ಲ. ಕಾರಿನ ಲಿಮಿಟ್ ಹೇಗಿರುತ್ತದೆ, ಸ್ಟೀರಿಂಗ್ ಎಲ್ಲಿ ಹಗುರಾಗುತ್ತದೆ, ಹಿಂಭಾಗ ಜಾರುವ ಮುಂಚೆ ಏನು ಹೇಳುತ್ತದೆ, ಇದನ್ನೆಲ್ಲ ತಪ್ಪು ಮಾಡಿದರೂ ಪರವಾಗಿಲ್ಲ ಅನ್ನುವ ಜಾಗದಲ್ಲಿ ಕಲಿತುಕೊಂಡು ಬರುತ್ತಾರೆ. ಗೋಡೆ ಇರುವ ಸರ್ಕ್ಯೂಟಿಗೆ ಬಂದ ಮೇಲೆ ಕಲಿಯುವುದು ಆ ರಸ್ತೆಯನ್ನು ಮಾತ್ರ. ಟೈರಿನ ಮಾತು ಆಗಲೇ ಮೈಗೆ ಹತ್ತಿರುತ್ತದೆ.

ಅದು ಮೈಗೆ ಹತ್ತುವ ಜಾಗ ಸಾಮಾನ್ಯವಾಗಿ ಕಾರ್ಟಿಂಗ್ ಟ್ರ್ಯಾಕ್. ಕಾರ್ಟ್‌ನಲ್ಲಿ ಸಸ್ಪೆನ್ಷನ್ ಇಲ್ಲ. ಹಿಂದಿನ ಎರಡು ಚಕ್ರಗಳಿಗೂ ಸೇರಿ ಒಂದೇ ಗಟ್ಟಿ ಆಕ್ಸಲ್, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಹಾಗಾಗಿ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಬೇಕು, ಆದರೆ ತಿರುವಿನಲ್ಲಿ ಒಳಗಿನ ಚಕ್ರಕ್ಕೆ ಕಮ್ಮಿ ದೂರ, ಹೊರಗಿನದಕ್ಕೆ ಜಾಸ್ತಿ. ಒಳಗಿನ ಹಿಂದಿನ ಚಕ್ರ ನೆಲದಿಂದ ಸ್ವಲ್ಪ ಎದ್ದರೆ ಮಾತ್ರ ಕಾರ್ಟ್ ಸಲೀಸಾಗಿ ತಿರುಗುತ್ತದೆ. ಸ್ಟೀರಿಂಗ್ ತಿರುಗಿಸುವ ರೀತಿಯಿಂದ, ಮೈಭಾರದಿಂದ, ಡ್ರೈವರ್ ಅದನ್ನು ಎಬ್ಬಿಸಬೇಕು. ನಡುವೆ ಮೆತ್ತಗೆ ಮಾಡುವಂಥದ್ದು ಏನೂ ಇಲ್ಲದ್ದರಿಂದ ಟೈರಿನ ಪ್ರತಿಯೊಂದು ಸುದ್ದಿಯೂ ನೇರವಾಗಿ ಪಕ್ಕೆಗೆ ಬರುತ್ತದೆ. ಎಂಟು ವರ್ಷದ ಮಗು ಇದನ್ನು ಪುಸ್ತಕದಿಂದ ಕಲಿಯುವುದಿಲ್ಲ, ಸಾವಿರಾರು ಲ್ಯಾಪ್‌ಗಳಿಂದ ಕಲಿಯುತ್ತದೆ. ಮಳೆಯಲ್ಲಿ ಇನ್ನೂ ಚೆನ್ನಾಗಿ ಕಲಿಯುತ್ತದೆ. ನೆಲ ಒದ್ದೆಯಾದಾಗ ಲಿಮಿಟ್ ಕೆಳಗೆ ಇಳಿಯುತ್ತದೆ, ಹಾಗಾಗಿ ಅದನ್ನು ಕಮ್ಮಿ ವೇಗದಲ್ಲೇ ಮುಟ್ಟಬಹುದು, ದಾಟಬಹುದು, ವಾಪಸ್ ಬರಬಹುದು. ಫಾರ್ಮುಲಾ 1 ಚಾಂಪಿಯನ್ ಅಯರ್ಟನ್ ಸೆನ್ನಾ ಮಳೆಯಲ್ಲಿ ಅಷ್ಟು ಚೆನ್ನಾಗಿ ಓಡಿಸುತ್ತಿದ್ದದ್ದರ ಹಿಂದೆ ಒದ್ದೆ ಟ್ರ್ಯಾಕಿನಲ್ಲಿ ಹಟ ಹಿಡಿದು ಕಾರ್ಟ್ ಓಡಿಸಿದ ಬಾಲ್ಯ ಇದೆ.

ಸಿಮ್ಯುಲೇಟರ್ ಕೊಡುವುದು ಇದರ ಇನ್ನೊಂದು ಅರ್ಧ. ಅದು ರಸ್ತೆಯನ್ನು ಕಲಿಸುತ್ತದೆ: ಯಾವ ತಿರುವಿನ ನಂತರ ಯಾವುದು, ಎಲ್ಲಿ ಏರು, ಎಲ್ಲಿ ಇಳಿಜಾರು, ಯಾವ ಗೇರ್. ಸ್ಟೀರಿಂಗ್‌ನ ಭಾರವನ್ನೂ ತಕ್ಕಮಟ್ಟಿಗೆ ಕೊಡುತ್ತದೆ. ಸೊಂಟಕ್ಕೆ ಸಿಗಬೇಕಾದ್ದು ಅಲ್ಲಿ ಪೂರ್ತಿ ಸಿಗುವುದಿಲ್ಲ. ಗೋಡೆಗೆ ಗುದ್ದಿದರೆ ಒಂದು ಬಟನ್ ಒತ್ತಿ ಮತ್ತೆ ಶುರು ಮಾಡಬಹುದು, ಹಾಗಾಗಿ ಅಲ್ಲಿ ಬಂದ ಧೈರ್ಯವನ್ನು ಹಾಗೇ ಟ್ರ್ಯಾಕಿಗೆ ತಗೊಂಡು ಹೋಗಬಾರದು.

ಇನ್ನು ರೇಸ್ ನಡೆಯುವ ಊರಿಗೆ ಹೋದ ಮೇಲಿನ ಕೆಲಸ. ಮೊದಲ ಕೆಲಸ ನಡೆಯುವುದು. ಸುಮ್ನೆ ಅಲ್ಲ, ಎಂಜಿನಿಯರ್ ಜೊತೆ ಇಡೀ ಟ್ರ್ಯಾಕನ್ನು ಕಾಲ್ನಡಿಗೆಯಲ್ಲಿ ಸುತ್ತುತ್ತಾರೆ, ಅಲ್ಲಲ್ಲಿ ಬಗ್ಗಿ ನೋಡುತ್ತಾರೆ. ಬೀದಿಯ ಸರ್ಕ್ಯೂಟ್ ಅಂದರೆ ನಾಳೆ ಬಸ್ಸು ಓಡಾಡುವ ರಸ್ತೆ. ಮಳೆನೀರು ಹರಿದುಹೋಗಲಿ ಅಂತ ಅದರ ನಡುವೆ ಉಬ್ಬು, ಎರಡು ಬದಿಗೂ ಇಳಿಜಾರು ಇರುತ್ತದೆ. ಬ್ರೇಕ್ ಹಾಕುತ್ತಾ ಆ ಉಬ್ಬನ್ನು ದಾಟಿದರೆ ಒಂದು ಚಕ್ರ ಹಗುರಾಗಿ ಲಾಕ್ ಆಗುತ್ತದೆ, ಅಂದರೆ ತಿರುಗುವುದು ನಿಂತು ಜಾರುತ್ತದೆ. ಜೀಬ್ರಾ ಕ್ರಾಸಿಂಗಿನ ಬಿಳಿ ಬಣ್ಣ ಒದ್ದೆಯಾದರೆ ಜಾರುತ್ತದೆ. ಹೊಸ ಡಾಂಬರು ಹಳೆ ಡಾಂಬರಿಗೆ ಸೇರುವ ಕಡೆ ಹಿಡಿತ ಬದಲಾಗುತ್ತದೆ. ಮ್ಯಾನ್‌ಹೋಲ್ ಮುಚ್ಚಳಗಳನ್ನು ವೆಲ್ಡ್ ಮಾಡಿ ಭದ್ರ ಮಾಡಿರಬೇಕು. 2023ರಲ್ಲಿ ಲಾಸ್ ವೇಗಾಸ್‌ನ ಮೊದಲ ಪ್ರಾಕ್ಟೀಸ್‌ನಲ್ಲೇ ನೀರಿನ ವಾಲ್ವಿನ ಮುಚ್ಚಳ ಎದ್ದು ಕಾರ್ಲೋಸ್ ಸೈಂಜ್ ಅವರ ಫೆರಾರಿಯ ತಳ ಒಡೆದುಹೋಗಿತ್ತು. ನಮ್ಮ ಪಕ್ಕದಲ್ಲೂ ಈಗ ಇಂಥ ಟ್ರ್ಯಾಕ್‌ಗಳು ಬಂದಿವೆ. 2023ರ ಫೆಬ್ರುವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ಪಕ್ಕ ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ರೇಸ್ ನಡೆಯಿತು, 2024ರಲ್ಲಿ ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ರಾತ್ರಿ ಬೆಳಕಿನಲ್ಲಿ ಬೀದಿ ರೇಸ್ ನಡೆಯಿತು.

ನಡೆಯುವಾಗ ಗುರುತುಗಳನ್ನು ಆರಿಸಿಕೊಳ್ಳುತ್ತಾರೆ. ಬ್ರೇಕ್ ಎಲ್ಲಿ, ತಿರುಗಿಸುವುದು ಎಲ್ಲಿ ಅನ್ನುವುದಕ್ಕೆ. ಗುರುತು ಅಲುಗಾಡುವಂಥದ್ದಾಗಿರಬಾರದು. ಮರದ ನೆರಳು ಬೇಡ, ಮಧ್ಯಾಹ್ನ ಇದ್ದ ಜಾಗದಲ್ಲಿ ಸಂಜೆ ಇರುವುದಿಲ್ಲ. ಟ್ರ್ಯಾಕ್ ಪಕ್ಕ ಬಾವುಟ ಹಿಡಿದು ನಿಂತಿರುವ ಮಾರ್ಷಲ್ ಬೇಡ, ಅವರು ಪಕ್ಕಕ್ಕೆ ಸರಿಯಬಹುದು. ತಡೆಗೋಡೆಯ ಎರಡು ತುಂಡು ಸೇರುವ ಸಂದು, ಡಾಂಬರಿನ ಬಿರುಕು, ಟ್ರ್ಯಾಕಿನ ಅಂಚಿನ ಕರ್ಬಿನ ಬಣ್ಣ ಶುರುವಾಗುವ ಜಾಗ, ಇಂಥವು ಬೇಕು. ಗಂಟೆಗೆ 200 ಕಿ.ಮೀ. ಅಂದರೆ ಸೆಕೆಂಡಿಗೆ 55 ಮೀಟರಿಗೂ ಹೆಚ್ಚು. ಗುರುತು ಕಣ್ಣಿಗೆ ಬಿದ್ದ ಮೇಲೆ ಯೋಚಿಸುತ್ತಾ ಕೂರಲು ಆಗುವುದಿಲ್ಲ. ಅದಕ್ಕೇ ಕಣ್ಣು ಯಾವಾಗಲೂ ಮುಂದಿನ ಗುರುತಿನ ಮೇಲೆ ಇರುತ್ತದೆ, ಈಗ ದಾಟುತ್ತಿರುವುದರ ಮೇಲಲ್ಲ. ಗೋಡೆಯನ್ನು ದಿಟ್ಟಿಸಿದರೆ ಕೈ ಅದೇ ಕಡೆ ಎಳೆಯುತ್ತದೆ. ಇದು ಬೈಕ್ ಓಡಿಸುವವರಿಗೂ ಗೊತ್ತಿರುವ ಸತ್ಯ.

ಕಾರು ಹತ್ತಿದ ಮೇಲೆ ಮೊದಲ ಲ್ಯಾಪ್‌ಗಳಲ್ಲಿ ದಾರಿ ಸರಿಯಾಗಿರುತ್ತದೆ, ಗೋಡೆಯಿಂದ ಅಂತರ ಮಾತ್ರ ಜಾಸ್ತಿ. ಹೊರಬರುವಾಗ ಅರ್ಧ ಮೀಟರ್ ಬಿಟ್ಟಿರುತ್ತಾರೆ. ಕಾರು ತಾನಾಗಿ ಎಷ್ಟು ಹೊರಗೆ ಹೋಗುತ್ತದೆ ಅಂತ ನೋಡುತ್ತಾರೆ, ವೇಗ ಸ್ವಲ್ಪ ಹೆಚ್ಚಿಸುತ್ತಾರೆ, ಅಂತರ ತಾನೇ ಕಮ್ಮಿಯಾಗುತ್ತದೆ. ಉಳಿದಿರುವ ಅಂತರವೇ ಅಳತೆಗೋಲು. ವೇಗ ಇಲ್ಲದೆ ಸುಮ್ನೆ ಗೋಡೆ ಹತ್ತಿರ ಸ್ಟೀರಿಂಗ್ ತಿರುಗಿಸಿ ಹೋಗುವುದನ್ನೂ ನೋಡಿದ್ದೇನೆ, ನೋಡಲು ಜೋರಾಗಿ ಕಾಣುತ್ತದೆ, ಅದರಿಂದ ಕಲಿಯುವುದು ಏನೂ ಇಲ್ಲ. ಇದರ ಜೊತೆಗೆ ಟ್ರ್ಯಾಕೇ ಬದಲಾಗುತ್ತಿರುತ್ತದೆ. ಊರಿನ ಧೂಳು ತುಂಬಿದ ರಸ್ತೆಯ ಮೇಲೆ ಗಂಟೆಗಟ್ಟಲೆ ರಬ್ಬರ್ ಉಜ್ಜಿ ಉಜ್ಜಿ ಒಂದು ಪದರ ಕೂರುತ್ತದೆ. ಮೊದಲ ಪ್ರಾಕ್ಟೀಸಿನ ಲಿಮಿಟ್ ಕ್ವಾಲಿಫೈಯಿಂಗ್ (ರೇಸಿನಲ್ಲಿ ಯಾರು ಎಲ್ಲಿಂದ ಶುರು ಮಾಡಬೇಕು ಅಂತ ತೀರ್ಮಾನಿಸುವ ಸುತ್ತು) ಹೊತ್ತಿಗೆ ಹಳೆಯದಾಗಿರುತ್ತದೆ. ಮೊದಲ ದಿನವೇ ಪೂರ್ತಿ ಹಿಂಡಲು ಹೋಗಿ ಗೋಡೆಗೆ ಕಾರು ಕೊಟ್ಟವರು ಮರುದಿನ ಆ ಹೆಚ್ಚಿದ ಹಿಡಿತವನ್ನು ನೋಡುವುದೇ ಇಲ್ಲ. ಓಡಿಸಿದ ಲ್ಯಾಪ್‌ಗಳೇ ಇಲ್ಲಿ ಬಂಡವಾಳ.

ಗ್ಯಾರೇಜಿಗೆ ಬಂದ ಮೇಲೆ ಟೆಲಿಮೆಟ್ರಿ, ಅಂದರೆ ಕಾರಿನ ಸೆನ್ಸರ್‌ಗಳು ಕೊಟ್ಟ ದಾಖಲೆ. ಸ್ಟೀರಿಂಗ್, ಬ್ರೇಕ್, ಆಕ್ಸಿಲರೇಟರ್ ಎಲ್ಲದರ ಗೆರೆಗಳು ಪರದೆಯ ಮೇಲೆ ಇರುತ್ತವೆ. ಸ್ಟೀರಿಂಗ್ ಗೆರೆ ತೀರಾ ನಯವಾಗಿದ್ದರೆ ಚೆನ್ನಾಗಿ ಓಡಿಸಿದ್ದಾನೆ ಅಂತಲೇ ಅರ್ಥ ಆಗಬೇಕಿಲ್ಲ, ಲಿಮಿಟ್ ಇನ್ನೂ ದೂರ ಇದೆ ಅಂತಲೂ ಆಗಬಹುದು. ಲಿಮಿಟ್‌ನಲ್ಲಿ ಇರುವವನ ಗೆರೆಯಲ್ಲಿ ಸಣ್ಣಸಣ್ಣ ತಿದ್ದುಪಡಿಗಳ ನಡುಕ ಕಾಣುತ್ತದೆ. ದೊಡ್ಡ ತಿದ್ದುಪಡಿ ಕಂಡರೆ ದಾಟಿದ್ದಾನೆ. ಇನ್ನೂ ಮುಖ್ಯವಾದದ್ದು ಜೊತೆಯ ಡ್ರೈವರ್‌ನ ಗೆರೆ. ಅದೇ ಕಾರು, ಅದೇ ಟೈರ್, ಅವನು ಆ ತಿರುವಿನಲ್ಲಿ ಕಾಲು ಎತ್ತಿಲ್ಲ. ಅಲ್ಲಿಗೆ ಅದು ಸಾಧ್ಯ ಅಂತ ಗೋಡೆ ಮುಟ್ಟದೆಯೇ ಗೊತ್ತಾಯಿತು. ಒಂದೇ ಕಡೆಯಿಂದ ಹುಡುಕಬೇಕಾದ ಜಾಗದಲ್ಲಿ ಇದಕ್ಕಿಂತ ಬೆಲೆಬಾಳುವ ಮಾಹಿತಿ ಇನ್ನೊಂದಿಲ್ಲ. ಡ್ರೈವರ್‌ಗಳು ಜೊತೆಗಾರನ ಜೊತೆ ಎಷ್ಟೇ ಪೈಪೋಟಿ ಇದ್ದರೂ ಅವನ ಡೇಟಾ ಮುಂದೆ ಗಂಟೆಗಟ್ಟಲೆ ಕೂರುವುದು ಇದಕ್ಕೇ.

ಇಷ್ಟೆಲ್ಲ ಇದ್ದೂ ದೊಡ್ಡ ದೊಡ್ಡವರೇ ತಪ್ಪುತ್ತಾರೆ. 2018ರ ಮೊನಾಕೊದಲ್ಲಿ ಮ್ಯಾಕ್ಸ್ ವರ್ಸ್ಟಾಪನ್ ಶನಿವಾರದ ಪ್ರಾಕ್ಟೀಸ್‌ನಲ್ಲಿ ಈಜುಕೊಳದ ಪಕ್ಕದ ತಿರುವಿನಿಂದ ಹೊರಬರುವಾಗ ಒಳಗಿನ ಗೋಡೆಗೆ ಮುಂದಿನ ಚಕ್ರ ತಾಗಿಸಿದರು. ತಾಗಿದ್ದು ಒಳಗೆ, ಆದರೆ ಕಾರು ಒಡೆದದ್ದು ಹೊರಗಿನ ಗೋಡೆಯಲ್ಲಿ. ಚಕ್ರ ತಾಗಿದ ತಕ್ಷಣ ಸಸ್ಪೆನ್ಷನ್ ಮುರಿದು ಸ್ಟೀರಿಂಗ್ ಕೆಲಸಕ್ಕೆ ಬಾರದಾಯಿತು, ಕಾರು ನೇರವಾಗಿ ಹೋಯಿತು. ಕ್ವಾಲಿಫೈಯಿಂಗ್‌ಗೆ ಕಾರು ತಯಾರಾಗಲಿಲ್ಲ, ಕೊನೆಯ ಸ್ಥಾನದಿಂದ ಶುರು ಮಾಡಿ ಒಂಬತ್ತನೆಯವರಾಗಿ ಮುಗಿಸಿದರು. ಅದೇ ತಂಡದ ಡೇನಿಯಲ್ ರಿಕಾರ್ಡೊ ಅದೇ ರೇಸ್ ಗೆದ್ದರು. ಒಳಗಿನ ಗೋಡೆ ಹೊರಗಿನದಕ್ಕಿಂತ ಅಪಾಯ ಅನ್ನುವುದು ಇದಕ್ಕೇ. ಹೊರಗೆ ಹೋಗುತ್ತಿರುವ ಕಾರು ಮೊದಲೇ ಸುಳಿವು ಕೊಡುತ್ತದೆ. ಒಳಗೆ ಸ್ವಲ್ಪ ಬೇಗ ತಿರುಗಿಸಿದ್ದಕ್ಕೆ ಟೈರಿನಿಂದ ಯಾವ ಸುಳಿವೂ ಬರುವುದಿಲ್ಲ, ಟೈರ್ ಡ್ರೈವರ್ ಹೇಳಿದ ಹಾಗೇ ಕೇಳುತ್ತಿರುತ್ತದೆ.

ಇನ್ನೊಂದು 1988ರದ್ದು, ಅಲ್ಲೇ. ಸೆನ್ನಾ ಕ್ವಾಲಿಫೈಯಿಂಗ್‌ನಲ್ಲಿ ಅದೇ ಮೆಕ್‌ಲಾರೆನ್ ಓಡಿಸುತ್ತಿದ್ದ ಅಲಾನ್ ಪ್ರಾಸ್ಟ್‌ಗಿಂತ 1.427 ಸೆಕೆಂಡ್ ಬೇಗ ಮುಗಿಸಿದ್ದರು. 3 ಕಿ.ಮೀ. ಚಿಲ್ಲರೆ ಟ್ರ್ಯಾಕಿನಲ್ಲಿ ಅದು ನಂಬಲಾಗದ ಅಂತರ. ರೇಸಿನಲ್ಲೂ ತುಂಬಾ ಮುಂದಿದ್ದರು. ನಿಧಾನ ಮಾಡು ಅಂತ ತಂಡ ಹೇಳಿತು. 67ನೇ ಲ್ಯಾಪ್‌ನಲ್ಲಿ ಪೋರ್ಟಿಯೆ ತಿರುವಿನಲ್ಲಿ ಗೋಡೆಗೆ ಹೋದರು. ಗಮನ ತಪ್ಪಿತು ಅಂತ ಹೇಳಿ ಇದನ್ನು ಮುಗಿಸಿಬಿಡುತ್ತಾರೆ. ನನಗೆ ಅದರಲ್ಲಿ ಇನ್ನೂ ಒಂದು ಮಾತು ಕಾಣುತ್ತದೆ: ನಿಧಾನ ಮಾಡಿದಾಗ ಬ್ರೇಕಿನ ಜಾಗ, ತಿರುಗಿಸುವ ಹೊತ್ತು, ಟೈರಿನ ಬಿಸಿ ಎಲ್ಲವೂ ಬದಲಾಗುತ್ತವೆ. ಅರುವತ್ತು ಲ್ಯಾಪ್‌ನಲ್ಲಿ ಕೈಗೆ ಕೂತಿದ್ದ ಲೆಕ್ಕ ಆ ಹೊಸ ವೇಗಕ್ಕೆ ಹೊಂದುವುದಿಲ್ಲ.

ನೂರ್‌ಬರ್ಗ್‌ರಿಂಗ್‌ನ ಉತ್ತರ ಭಾಗದ ಕಷ್ಟ ಬೇರೆ ಥರದ್ದು. 20.8 ಕಿ.ಮೀ. ಉದ್ದ, ಎಪ್ಪತ್ತಕ್ಕೂ ಹೆಚ್ಚು ತಿರುವು, ತಳಕ್ಕೂ ತುದಿಗೂ ಸುಮಾರು 300 ಮೀಟರ್ ಎತ್ತರದ ವ್ಯತ್ಯಾಸ. 1976ರಲ್ಲಿ ಫಾರ್ಮುಲಾ 1 ಡ್ರೈವರ್ ನಿಕಿ ಲೌಡಾ ಸುಟ್ಟ ಗಾಯಗಳಿಂದ ಸಾವಿನ ಬಾಯಿಗೆ ಹೋಗಿ ಬಂದದ್ದು ಇಲ್ಲಿ, ಆಮೇಲೆ ಫಾರ್ಮುಲಾ 1 ಆ ರಸ್ತೆಗೆ ವಾಪಸ್ ಹೋಗಲಿಲ್ಲ. ಮೊನಾಕೊದಲ್ಲಿ ಫಾರ್ಮುಲಾ 1 ಕಾರಿಗೆ ಲ್ಯಾಪ್ ಒಂದಕ್ಕೆ 1 ನಿಮಿಷ 15 ಸೆಕೆಂಡ್ ಆಸುಪಾಸು, ಹಾಗಾಗಿ ಒಂದೇ ತಿರುವನ್ನು ಮತ್ತೆ ಮತ್ತೆ ನೋಡಬಹುದು. ಇಲ್ಲಿ ಜಿಟಿ3 ಕಾರಿಗೂ (ಸ್ಪೋರ್ಟ್ಸ್ ಕಾರನ್ನೇ ರೇಸಿಗೆ ಸಿದ್ಧಪಡಿಸಿದ್ದು) ಸುಮಾರು 8 ನಿಮಿಷ ಬೇಕು. ಗಂಟೆಗೆ ಏಳೇ ಸಲ. ಒಂದು ತಿರುವಿನಲ್ಲಿ ಮಾಡಿದ ತಪ್ಪನ್ನು ತಿದ್ದಿಕೊಳ್ಳಲು 8 ನಿಮಿಷ ಕಾಯಬೇಕು, ಅಷ್ಟರಲ್ಲಿ ಅಲ್ಲಿ ಮಳೆ ಬಂದಿರಬಹುದು. ಎಷ್ಟೋ ತಿರುವುಗಳು ದಿಬ್ಬದ ಆಚೆ ಇವೆ, ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಜನ ಟ್ರ್ಯಾಕನ್ನು ತುಂಡುತುಂಡಾಗಿ ಕಲಿಯುತ್ತಾರೆ, ಗೊತ್ತಿರುವ ತುಂಡಿನಲ್ಲಿ ಒತ್ತುತ್ತಾರೆ, ಗೊತ್ತಿಲ್ಲದ ಕಡೆ ಬಿಟ್ಟುಕೊಡುತ್ತಾರೆ.

ಅಲ್ಲಿ ರೇಸ್ ಮಾಡಲು ಬೇರೆಯದೇ ಪರವಾನಗಿ ಬೇಕು. ಕಮ್ಮಿ ಶಕ್ತಿಯ ಕಾರಿನಲ್ಲಿ ಓಡಿ ತೋರಿಸಿದ ಮೇಲೆ ಜೋರಾದ ಕಾರು. 2025ರ ಸೆಪ್ಟೆಂಬರಿನಲ್ಲಿ ವರ್ಸ್ಟಾಪನ್ ಅಲ್ಲಿಗೆ ಹೋದಾಗ ನಾಲ್ಕು ಸಲದ ವಿಶ್ವ ಚಾಂಪಿಯನ್ ಅಂತ ವಿನಾಯಿತಿ ಸಿಗಲಿಲ್ಲ, ಶಕ್ತಿ ತಗ್ಗಿಸಿದ ಪೋರ್ಷೆ ಕೇಮನ್‌ನಲ್ಲೇ ಓಡಬೇಕಾಯಿತು. ಅದೇ ತಿಂಗಳ ಕೊನೆಯಲ್ಲಿ ಫೆರಾರಿ ಜಿಟಿ3ಯಲ್ಲಿ ಕ್ರಿಸ್ ಲುಲ್ಹಾಮ್ ಜೊತೆ ಸೇರಿ ರೇಸ್ ಗೆದ್ದರು. ಈ ನಿಯಮ ನನಗೆ ತುಂಬಾ ಹಿಡಿಸುತ್ತದೆ. ಕಾರಿನ ಶಕ್ತಿ ಕಮ್ಮಿ ಮಾಡಿ ರಸ್ತೆಯನ್ನು ಮಾತ್ರ ಕಲಿಯಲು ಬಿಡುವುದು, ಮೇಲೆ ಹೇಳಿದ ಎರಡು ಅಪರಿಚಿತಗಳ ಮಾತನ್ನೇ ಕಾನೂನು ಮಾಡಿದ ಹಾಗೆ.

ಬೆಂಗಳೂರಿನಲ್ಲಿ ದೊಡ್ಡ ಸರ್ಕ್ಯೂಟ್ ಇಲ್ಲ. ಇಲ್ಲಿಯವರು ಶ್ರೀಪೆರಂಬದೂರಿನ ಹತ್ತಿರದ ಮದ್ರಾಸ್ ಸರ್ಕ್ಯೂಟಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಬೇಕು. ಆದರೆ ಲಿಮಿಟ್ ಅಂದರೆ ಏನು ಅಂತ ಮೈಗೆ ತಿಳಿಯಲು ಅಷ್ಟು ದೂರ ಹೋಗಬೇಕಾಗಿಲ್ಲ, ಹೆಣ್ಣೂರು-ಬಾಗಲೂರು ರಸ್ತೆ ಕಡೆಯ ಮೆಕೊ ಕಾರ್ಟೋಪಿಯಾದಂಥ ಕಾರ್ಟಿಂಗ್ ಟ್ರ್ಯಾಕ್ ಸಾಕು. ನಂದಿ ಬೆಟ್ಟದ ತಿರುವುಗಳಲ್ಲಿ, ನೈಸ್ ರೋಡಿನಲ್ಲಿ ಇದನ್ನು ಯಾರೂ ಪ್ರಯತ್ನ ಮಾಡಬೇಡಿ. ಅಲ್ಲಿ ಬೇರೆಯವರ ಮನೆಯವರೂ ಓಡಾಡುತ್ತಿರುತ್ತಾರೆ.

ಹೋದರೆ ಹೀಗೆ ಮಾಡಿ. ಇಡೀ ಟ್ರ್ಯಾಕ್ ಮರೆತು ಒಂದೇ ತಿರುವು ಆರಿಸಿಕೊಳ್ಳಿ, ಸ್ವಲ್ಪ ಉದ್ದವಾದದ್ದು. ಬೇರೆಲ್ಲ ಕಡೆ ಆರಾಮಾಗಿ ಓಡಿಸಿ, ಅಲ್ಲಿ ಮಾತ್ರ ಪ್ರತಿ ಲ್ಯಾಪ್ ಸ್ವಲ್ಪ ಜೋರಾಗಿ ಒಳಗೆ ಹೋಗಿ, ಸ್ಟೀರಿಂಗ್ ಮೆತ್ತಗೆ ಹಿಡಿದುಕೊಳ್ಳಿ. ಬಿಗಿಯಾಗಿ ಹಿಡಿದ ಕೈಗೆ ಏನೂ ಕೇಳಿಸುವುದಿಲ್ಲ. ಟೈರಿನ ಸದ್ದು ಮೊದಲು ಸಣ್ಣಗೆ ಶುರುವಾಗುತ್ತದೆ, ಆಮೇಲೆ ಕಿರುಚುತ್ತದೆ. ಆ ಎರಡರ ನಡುವೆ ಎಲ್ಲೋ ಒಂದು ಲ್ಯಾಪ್‌ನಲ್ಲಿ ಸ್ಟೀರಿಂಗ್ ಹಗುರಾಗುತ್ತದೆ, ಇನ್ನಷ್ಟು ತಿರುಗಿಸಿದರೂ ಕಾರ್ಟ್ ಇನ್ನಷ್ಟು ತಿರುಗುವುದಿಲ್ಲ. ಆಗ ಜಾಸ್ತಿ ತಿರುಗಿಸಬೇಡಿ, ಬೆರಳಿನಷ್ಟು ವಾಪಸ್ ಬಿಡಿ. ಮುಂದಿನ ಚಕ್ರಗಳು ಮತ್ತೆ ಹಿಡಿದುಕೊಳ್ಳುತ್ತವೆ. ಅದು ಗೊತ್ತಾದ ಮೇಲೆ ಎರಡನೇ ತಿರುವಿಗೆ ಹೋಗಿ.